ಸಂದು ಕಾಣದ ಎಲ್‌ಇಡಿ ವಾಲ್: ನಮ್ಮ ಬಿಸಿಲಲ್ಲಿ, ನಮ್ಮ ಎರೆ ನೆಲದ ಮೇಲೆ ಕಟ್ಟುವುದು ಹೇಗೆ

ಎಲ್‌ಇಡಿ ವಾಲ್ ಅಂದರೆ ಸಣ್ಣ ಎಲ್‌ಇಡಿ ದೀಪ ತುಂಬಿದ ಪೆಟ್ಟಿಗೆಗಳನ್ನು ಕೂಡಿಸಿ ಕಟ್ಟುವ ದೊಡ್ಡ ಪರದೆ. ಅದನ್ನು ಕಟ್ಟಿ ಮುಗಿದ ಮೇಲೆ ಅದರಲ್ಲಿ ಪೂರ್ತಿ ಬಿಳಿ ಬಣ್ಣ ಬೆಳಗಿಸಿ, ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ನಿಂತು ನೋಡಿ. ಮದುವೆ ವಿಡಿಯೋ, ಭಾಷಣ ಓಡುವಾಗ ಕಾಣದ ತಪ್ಪೆಲ್ಲ ಆಗ ಕಾಣುತ್ತದೆ. ಟೈಲ್ಸ್ ಹಾಕಿದ ನೆಲದ ಹಾಗೆ ಅಡ್ಡ, ಉದ್ದ ಗೆರೆಗಳು. ಕೆಲವು ಕಪ್ಪಗೆ, ಕೆಲವು ಬೆಳ್ಳಗೆ ಹೊಳೆಯುವಂಥವು.

ನಾನು ಗಂಗಾವತಿಯಲ್ಲಿದ್ದುಕೊಂಡು ಸಿಂಧನೂರು, ಸಿರುಗುಪ್ಪ, ಕೊಪ್ಪಳ, ಬಳ್ಳಾರಿ, ರಾಯಚೂರು ಕಡೆ ಜಾತ್ರೆ, ಮದುವೆ, ಸಭೆಗಳಿಗೆ ಈ ವಾಲ್ ಕಟ್ಟುತ್ತೇನೆ. ಕೆಲಸಕ್ಕೆ ಬರುವ ಹೊಸ ಹುಡುಗರು ಕೇಳುವ ಮೊದಲ ಪ್ರಶ್ನೆ ಒಂದೇ: "ಅಣ್ಣಾ, ಸಾಫ್ಟ್‌ವೇರ್‌ನಲ್ಲಿ ಈ ಗೆರೆ ಹೆಂಗ ತೆಗೀಬೇಕು?" ಗೆರೆ ಹುಟ್ಟುವುದು ನೆಲದಲ್ಲಿ, ಫ್ರೇಮಿನಲ್ಲಿ, ಬಿಸಿಲಲ್ಲಿ. ಅಲ್ಲಿ ಸರಿ ಮಾಡದೆ ಲ್ಯಾಪ್‌ಟಾಪ್ ತೆಗೆದರೆ ರಾತ್ರಿಯೆಲ್ಲ ಕೂತರೂ ಅದು ಹೋಗುವುದಿಲ್ಲ. ಹಾಗಾಗಿ ಸಾಫ್ಟ್‌ವೇರ್ ಮಾತು ಕೊನೆಗೆ ಬರುತ್ತದೆ, ಸ್ವಲ್ಪ ತಾಳ್ಮೆ ಇಟ್ಟುಕೊಳ್ಳಿ.

ಮೊದಲು ಗೆರೆ ಯಾಕೆ ಕಾಣುತ್ತದೆ ಅಂತ ತಿಳಿಯಿರಿ. ಬಾಡಿಗೆ ಕೆಲಸದಲ್ಲಿ ನಾವು ಜಾಸ್ತಿ ಬಳಸುವುದು 500 ಮಿಮೀ ಅಗಲ, 500 ಮಿಮೀ ಎತ್ತರದ ಕ್ಯಾಬಿನೆಟ್, ಅಂದರೆ ದೀಪ ತುಂಬಿದ ಒಂದು ಪೆಟ್ಟಿಗೆ. ಪಿಚ್ 3.91 ಆದರೆ ಒಂದು ದೀಪದ ನಡುವಿನಿಂದ ಪಕ್ಕದ ದೀಪದ ನಡುವಿಗೆ 3.91 ಮಿಮೀ. ಕ್ಯಾಬಿನೆಟ್ ಅಂಚಿನಲ್ಲಿರುವ ದೀಪ ಅಂಚಿನಿಂದ ಅದರ ಅರ್ಧದಷ್ಟು ಒಳಗಿರುತ್ತದೆ. ಎರಡು ಕ್ಯಾಬಿನೆಟ್ ಸರಿಯಾಗಿ ಕೂಡಿದರೆ ಅರ್ಧ ಅರ್ಧ ಸೇರಿ ಮತ್ತೆ 3.91 ಆಗುತ್ತದೆ, ಕಣ್ಣಿಗೆ ಸಂದು ಗೊತ್ತಾಗುವುದಿಲ್ಲ. ನಡುವೆ 0.3 ಮಿಮೀ ಬಾಯಿ ಬಿಟ್ಟಿತು ಅಂದುಕೊಳ್ಳಿ, ಆ ಸಾಲಿನಲ್ಲಿ ದೀಪಗಳು ಸುಮಾರು ಶೇ. 8ರಷ್ಟು ದೂರ ಸರಿದವು, ಅಲ್ಲಿ ಬೆಳಕು ತೆಳುವಾಯಿತು, ಕಪ್ಪು ಗೆರೆ ಬಂತು. ಎಲ್ಲೋ ಅಂಚು ಸವೆದು ಎರಡು ಕ್ಯಾಬಿನೆಟ್ ಬೇಕಾದ್ದಕ್ಕಿಂತ ಹತ್ತಿರ ಬಂದರೆ ಬಿಳಿ ಗೆರೆ. ಅದೇ 0.3 ಮಿಮೀ, ಪಿಚ್ 2.5 ಇದ್ದರೆ ಶೇ. 12, ಪಿಚ್ 10 ಇದ್ದರೆ ಬರೀ ಶೇ. 3. ಪಿಚ್ ಸಣ್ಣದಾದಷ್ಟೂ ಚಿತ್ರ ಚೆಂದ, ಸಂದು ಕಷ್ಟ.

"ಇಷ್ಟು ಸಣ್ಣ ಸಂದು ಜನಕ್ಕೆ ಎಲ್ಲಿ ಕಾಣುತ್ತೆ?" ಅನ್ನುವವರಿದ್ದಾರೆ. ಹೊಲದಾಚೆ ದೂರದಲ್ಲಿ ಹೋಗುವ ಕರೆಂಟ್ ತಂತಿ ಆಕಾಶದ ಮೇಲೆ ಸ್ಪಷ್ಟ ಕಾಣುತ್ತದೆ ಅಲ್ವಾ? ಅಷ್ಟೇ ದಪ್ಪದ ಒಂದು ಹರಳನ್ನು ಅಷ್ಟು ದೂರ ಇಟ್ಟರೆ ಕಾಣುವುದಿಲ್ಲ. ಒಂಟಿ ಚುಕ್ಕೆಯನ್ನು ಬಿಟ್ಟುಬಿಡುವ ಕಣ್ಣು ಉದ್ದ ಗೆರೆಯನ್ನು ಬಿಡುವುದಿಲ್ಲ. ಅದಕ್ಕೇ ಒಂದು ದೀಪ ಸತ್ತರೆ ಯಾರೂ ಹೇಳುವುದಿಲ್ಲ, ಒಂದು ಸಂದು ಬಾಯಿ ಬಿಟ್ಟರೆ ಮುಂದಿನ ಸಾಲಿನ ಮಕ್ಕಳೂ ಬೆರಳು ತೋರಿಸುತ್ತಾರೆ.

ಇನ್ನು ಅಳತೆ. ಪಿಚ್ ಎಷ್ಟು ಮಿಲಿಮೀಟರೋ, ಮೊದಲ ಸಾಲು ಕನಿಷ್ಠ ಅಷ್ಟು ಮೀಟರ್ ದೂರ ಇರಲಿ. 3.91ಕ್ಕೆ 4 ಮೀಟರ್. ಕ್ಯಾಬಿನೆಟ್ ಎಷ್ಟು ಬೇಕು ಅಂತ ಲೆಕ್ಕ ಹಾಕುವಾಗ ಚಿತ್ರದ ಆಕಾರವನ್ನೂ ನೋಡಿ. ಟಿವಿ, ಕ್ಯಾಮೆರಾದಿಂದ ಬರುವ ಚಿತ್ರ 16ಕ್ಕೆ 9. ನಮ್ಮ ಕ್ಯಾಬಿನೆಟ್ ಚೌಕ. ಅಗಲಕ್ಕೆ 16, ಎತ್ತರಕ್ಕೆ 9 ಕೂಡಿಸಿದರೆ ಮಾತ್ರ ಆ ಆಕಾರ ತಪ್ಪದೆ ಬರುತ್ತದೆ, ಆದರೆ ಅದು 8 ಮೀಟರ್ ಅಗಲ, 4.5 ಮೀಟರ್ ಎತ್ತರದ ದೊಡ್ಡ ಗೋಡೆ, ಎಲ್ಲರ ಮದುವೆಗೆ ಅಷ್ಟು ಬೇಡ. ನಮ್ಮ ಕಡೆ ಸಾಮಾನ್ಯವಾಗಿ ಕೇಳುವುದು 6 ಮೀಟರ್ ಅಗಲ, 3 ಮೀಟರ್ ಎತ್ತರ. ಅದಕ್ಕೆ 12 ಗುಣಿಸು 6, ಒಟ್ಟು 72 ಕ್ಯಾಬಿನೆಟ್. ಪಿಕ್ಸೆಲ್ ಲೆಕ್ಕದಲ್ಲಿ (ಒಂದು ದೀಪ ಅಂದರೆ ಒಂದು ಪಿಕ್ಸೆಲ್) 1536 ಗುಣಿಸು 768. ಇಲ್ಲಿ 16ಕ್ಕೆ 9ರ ಚಿತ್ರ ಹಾಕಿದರೆ ಮೇಲೆ ಕೆಳಗೆ ಸ್ವಲ್ಪ ಕತ್ತರಿಸಿ ಹೋಗುತ್ತದೆ ಅಥವಾ ಎರಡು ಬದಿ ಕಪ್ಪು ಪಟ್ಟಿ ಉಳಿಯುತ್ತದೆ. ಇದನ್ನು ಕ್ಯಾಮೆರಾದವರಿಗೆ ಮುಂಚೆಯೇ ಹೇಳಿ. ಇಲ್ಲದಿದ್ದರೆ ವೇದಿಕೆ ಮೇಲಿನವರ ತಲೆ ಕತ್ತರಿಸಿ ಹೋದಾಗ ಬೈಗುಳ ನಿಮಗೆ.

ಈಗ ನೆಲಕ್ಕೆ ಬರೋಣ. ಇದೇ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು. ಬೆಂಗಳೂರಿನ ಕಲ್ಯಾಣ ಮಂಟಪದಲ್ಲಿ ಕಾಂಕ್ರೀಟ್ ನೆಲದ ಮೇಲೆ ಕಟ್ಟುವವರಿಗೆ ಈ ತಲೆನೋವು ಇಲ್ಲ. ನಮ್ಮ ಜಾತ್ರೆ ಬಯಲು, ಹೊಲದ ಪಕ್ಕದ ಸಭೆ, ಬಹಳ ಕಡೆ ಎರೆ ಮಣ್ಣು. ಎರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ, ಹಸಿ ಇದ್ದಾಗ ಭಾರ ಹಾಕಿದರೆ ಬೆಣ್ಣೆಯ ಹಾಗೆ ಇಳಿಯುತ್ತದೆ. ಕ್ಯಾಬಿನೆಟ್ ಒಂದಕ್ಕೆ ಸುಮಾರು 8 ಕೆಜಿ ಹಿಡಿದರೂ 72ಕ್ಕೆ 576 ಕೆಜಿ, ಅದರ ಮೇಲೆ ಟ್ರಸ್ಸು (ಗೋಡೆಯನ್ನು ಹಿಂದಿನಿಂದ ಹೊರುವ ಕಬ್ಬಿಣದ ಚೌಕಟ್ಟು), ಕೇಬಲ್ಲು. ಅಷ್ಟೂ ಭಾರ ನಾಲ್ಕೈದು ಕಾಲುಗಳ ಮೇಲೆ ಕೂರುತ್ತದೆ.

ಸಿಂಧನೂರು ಹತ್ತಿರದ ಒಂದು ಬಯಲಿನಲ್ಲಿ ನನಗೆ ಇದು ಅನುಭವಕ್ಕೆ ಬಂತು. ಸಂಜೆ ಕಟ್ಟಿದಾಗ ಗೋಡೆ ಕನ್ನಡಿಯ ಹಾಗಿತ್ತು, ಬಿಳಿ ಹಾಕಿ ನೋಡಿ ನೆಮ್ಮದಿಯಿಂದ ಮಲಗಿದ್ದೆ. ರಾತ್ರಿ ಒಂದು ಜೋರು ಮಳೆ ಬಂತು. ಬೆಳಿಗ್ಗೆ ನೋಡಿದರೆ ಬಲಗಡೆ ಕಾಲು ಇಳಿದು, ಗೋಡೆ ನಡುವೆ ಒಂದು ಸಂದು ಕೆಳಗೆ ಬಿಗಿ, ಮೇಲೆ ಕತ್ತರಿಯ ಹಾಗೆ ಬಾಯಿ ಬಿಟ್ಟಿತ್ತು. ಕಾಲು ಇಳಿದದ್ದು ಬೆರಳಿನ ದಪ್ಪವೂ ಇಲ್ಲ. ಆದರೆ 3 ಮೀಟರ್ ಅಂತರದ ಎರಡು ಕಾಲುಗಳಲ್ಲಿ ಒಂದು 5 ಮಿಮೀ ಇಳಿದರೆ, 3 ಮೀಟರ್ ಎತ್ತರದ ಗೋಡೆಯ ತುದಿಯಲ್ಲಿ ಅಷ್ಟೇ 5 ಮಿಮೀ ಬಾಯಿ ತೆರೆಯಬಹುದು. ಅಂದರೆ ಒಂದು ಪೂರ್ತಿ ಪಿಕ್ಸೆಲ್‌ಗಿಂತ ಜಾಸ್ತಿ. ಇದನ್ನು ಯಾವ ಸಾಫ್ಟ್‌ವೇರೂ ಮುಚ್ಚುವುದಿಲ್ಲ. ಪೂರ್ತಿ ಇಳಿಸಿ ಮತ್ತೆ ಕಟ್ಟಬೇಕಾಯಿತು.

ಹಾಗಾಗಿ ಎರೆ ನೆಲದಲ್ಲಿ ಮೇಲಿನ ಸಡಿಲ ಮಣ್ಣು ಸರಿಸಿ, ಮೊರಂ ಅಥವಾ ಜಲ್ಲಿ ಹಾಕಿ ಗಟ್ಟಿಯಾಗಿ ಬಡಿಯಿರಿ. ಅದರ ಮೇಲೆ ದಪ್ಪ ಮರದ ದಿಮ್ಮಿ ಇಲ್ಲವೇ ಅಗಲವಾದ ಕಬ್ಬಿಣದ ತಟ್ಟೆ ಇಟ್ಟು ಭಾರ ಹಂಚಿ. ಕಾಲಿನ ಕೆಳಗೆ ತಿರುಗಿಸಿ ಎತ್ತರ ಸರಿ ಮಾಡುವ ಜ್ಯಾಕ್ ಬೇಕೇ ಬೇಕು, ಕಲ್ಲಿನ ಚಕ್ಕೆ ಸಿಗಿಸುವ ಅಭ್ಯಾಸ ಬಿಡಿ. ಮಳೆ ನೀರು ಕಾಲಿನ ಹತ್ತಿರ ನಿಲ್ಲದ ಹಾಗೆ ಸುತ್ತ ಸಣ್ಣ ಕಾಲುವೆ ತೆಗೆಯಿರಿ. ಮಸಾರಿ (ಕೆಂಪು ಮಣ್ಣಿನ) ನೆಲ ಸಿಕ್ಕರೆ ಪುಣ್ಯ, ಅರ್ಧ ಕೆಲಸ ಕಡಿಮೆ.

ಗಾಳಿಯ ವಿಷಯ ಸಂದಿಗಿಂತ ಮೊದಲು ಜೀವಕ್ಕೆ ಸೇರಿದ್ದು. ಏಪ್ರಿಲ್, ಮೇ ಸಂಜೆ ನಮ್ಮ ಕಡೆ ಮಳೆಗೂ ಮುಂಚೆ ಧೂಳೆಬ್ಬಿಸಿಕೊಂಡು ಬರುವ ಗಾಳಿ ಎಲ್ಲರಿಗೂ ಗೊತ್ತು. ಲೆಕ್ಕ ಸುಲಭ: ಗಾಳಿಯ ವೇಗವನ್ನು ಸೆಕೆಂಡಿಗೆ ಮೀಟರ್‌ನಲ್ಲಿ ಹಿಡಿದು, ಅದನ್ನು ಅದರಿಂದಲೇ ಗುಣಿಸಿ, 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಎಷ್ಟು ನ್ಯೂಟನ್ ಒತ್ತಡ ಅಂತ ಸಿಗುತ್ತದೆ. ಗಂಟೆಗೆ 72 ಕಿಮೀ ಗಾಳಿ ಅಂದರೆ ಸೆಕೆಂಡಿಗೆ 20 ಮೀಟರ್, ಒತ್ತಡ 240 ನ್ಯೂಟನ್. ನಮ್ಮ ಗೋಡೆ 18 ಚದರ ಮೀಟರ್. ಒಟ್ಟು ಕನಿಷ್ಠ 4,320 ನ್ಯೂಟನ್, ಅಂದರೆ ಸುಮಾರು 440 ಕೆಜಿ ತೂಕದಷ್ಟು ತಳ್ಳುವ ಬಲ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಹಿಂದಿನಿಂದ ಓರೆ ಆಸರೆ ಕೊಟ್ಟು, ಅದರ ಬುಡಕ್ಕೆ ನೀರಿನ ಟ್ಯಾಂಕ್ ಅಥವಾ ಕಾಂಕ್ರೀಟ್ ಬ್ಲಾಕ್ ಭಾರ ಇಡಿ. ಗೋಡೆಗೆ ಹಿಂದಿನಿಂದ ಬಟ್ಟೆ ಸುತ್ತಿ ಹಡಗಿನ ಹಾಯಿಯ ಹಾಗೆ ಮಾಡಬೇಡಿ. ಗಾಳಿ ಎದ್ದರೆ ಮುಂದಿನ ಜನರನ್ನು ಎಬ್ಬಿಸಿ ದೂರ ಕಳಿಸುವ ಧೈರ್ಯ ಇಟ್ಟುಕೊಳ್ಳಿ, ಕಾರ್ಯಕ್ರಮ ನಿಂತರೆ ನಿಲ್ಲಲಿ.

ಕ್ಯಾಬಿನೆಟ್ ಜೋಡಿಸುವಾಗ ಕೆಳಗಿನ ಸಾಲೇ ದೇವರು. ಲೇಸರ್ ಲೆವೆಲ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಗೌಂಡಿ ಬಳಸುವ ದಾರ ಮತ್ತು ರಸಮಟ್ಟ ಸಾಕು. ನಡುವಿನಿಂದ ಶುರು ಮಾಡಿ ಎರಡೂ ಬದಿಗೆ ಹೋಗಿ, ಒಂದು ತುದಿಯಿಂದ ಶುರು ಮಾಡಿದರೆ ಸಣ್ಣ ಸಣ್ಣ ತಪ್ಪೆಲ್ಲ ಕೂಡಿ ಇನ್ನೊಂದು ತುದಿಯಲ್ಲಿ ದೊಡ್ಡದಾಗುತ್ತದೆ. ಕೆಳಸಾಲು ಪೂರ್ತಿ ಮಟ್ಟಕ್ಕೆ ಬರುವ ತನಕ ಎರಡನೇ ಸಾಲಿನ ಒಂದು ಕ್ಯಾಬಿನೆಟ್ಟನ್ನೂ ಎತ್ತಬೇಡಿ. ಲಾಕುಗಳನ್ನು ಮೊದಲು ಎಲ್ಲ ಕಡೆ ಅರ್ಧ ಬಿಗಿ ಮಾಡಿ, ಸಾಲು ನೋಡಿ, ಆಮೇಲೆ ಪೂರ್ತಿ ಬಿಗಿ ಮಾಡಿ. ಒಂದನ್ನೇ ಮೊದಲು ಜೋರಾಗಿ ಬಿಗಿದರೆ ಪಕ್ಕದ್ದು ಓರೆಯಾಗಿಬಿಡುತ್ತದೆ.

ಹಿಂದೆ ಮುಂದೆ ಆಗಿದೆಯಾ ಅಂತಲೂ ನೋಡಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಅಂಚುಗಳು ಬಿಗಿಯಾಗಿ ಕೂಡಿದ್ದರೂ ಒಂದು ಕ್ಯಾಬಿನೆಟ್ 1 ಮಿಮೀ ಮುಂದೆ ನಿಂತಿದ್ದರೆ, ನೇರ ನಿಂತು ನೋಡಿದವರಿಗೆ ಏನೂ ಕಾಣುವುದಿಲ್ಲ, ಬದಿಯಲ್ಲಿ ಕೂತವರಿಗೆ ಗೆರೆ ಕಾಣುತ್ತದೆ. ಒಂದು ಬದಿಯವರಿಗೆ ಕಪ್ಪು, ಇನ್ನೊಂದು ಬದಿಯವರಿಗೆ ಬಿಳಿ. ಜಾತ್ರೆಯಲ್ಲಿ ಜನ ಮೂರೂ ಕಡೆ ಕೂರುತ್ತಾರೆ. ಬೆರಳ ತುದಿಯಿಂದ ಸಂದಿನ ಮೇಲೆ ಮೆಲ್ಲಗೆ ಸವರಿ, ಕಣ್ಣಿಗೆ ಕಾಣದ ಮೆಟ್ಟಿಲು ಬೆರಳಿಗೆ ಸಿಗುತ್ತದೆ. ದೀಪಗಳ ಮೇಲೆ ಮಾತ್ರ ಒತ್ತಬೇಡಿ.

ಇನ್ನು ಧೂಳು. ಸಂಡೂರು, ತೋರಣಗಲ್ಲು ಕಡೆಯ ಕೆಂಪು ಧೂಳು, ಗಂಗಾವತಿ, ಸಿಂಧನೂರಿನ ರೈಸ್ ಮಿಲ್ಲುಗಳ ಹೊಟ್ಟಿನ ಪುಡಿ, ರಾಯಚೂರಿನಲ್ಲಿ ಹತ್ತಿಯ ಎಳೆ, ಇವೆಲ್ಲ ಕ್ಯಾಬಿನೆಟ್ ಅಂಚಿನಲ್ಲಿ ಕೂರುತ್ತವೆ. ಒಂದು ಮರಳಿನ ಕಣ 0.3 ಮಿಮೀ ಇದ್ದರೆ ಸಾಕು, ಆ ಸಂದು ಅಷ್ಟೇ ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ. ನೀವು ಲಾಕನ್ನು ಎಷ್ಟು ಬಿಗಿದರೂ ಅಂಚಿನ ಲೋಹ ನಜ್ಜಾಗುತ್ತದೆಯೇ ಹೊರತು ಸಂದು ಮುಚ್ಚುವುದಿಲ್ಲ. ಪ್ರತಿ ಕ್ಯಾಬಿನೆಟ್ ಎತ್ತುವ ಮೊದಲು ನಾಲ್ಕೂ ಅಂಚು, ಪಿನ್ನು, ಪಿನ್ನಿನ ತೂತು, ಮೆತ್ತನೆ ಬ್ರಶ್‌ನಿಂದ ಒರೆಸಿ. ಒದ್ದೆ ಬಟ್ಟೆ ಬೇಡ, ಧೂಳು ಕೆಸರಾಗಿ ಅಲ್ಲೇ ಒಣಗುತ್ತದೆ. 72 ಕ್ಯಾಬಿನೆಟ್‌ಗೆ ಇದು ಅರ್ಧ ಗಂಟೆ ಹೆಚ್ಚಿನ ಕೆಲಸ. ನಾನು ಇದಕ್ಕೆ ಒಬ್ಬ ಹುಡುಗನನ್ನೇ ಬೇರೆ ಇಟ್ಟಿದ್ದೇನೆ.

ಬಿಸಿಲು ಮಾಡುವ ಕೆಲಸವನ್ನು ಕೇಳಿ. ರಾಯಚೂರಿನ ಬೇಸಿಗೆಯಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ, ಬಿಸಿಲಿಗೆ ನಿಂತ ಕಪ್ಪು ಗೋಡೆಯ ಮೇಲೆ ಕೈ ಇಟ್ಟರೆ ಸುಡುತ್ತದೆ. ಅಲ್ಯೂಮಿನಿಯಂ ಒಂದು ಮೀಟರ್ ಉದ್ದಕ್ಕೆ ಒಂದು ಡಿಗ್ರಿಗೆ 0.023 ಮಿಮೀ ಹಿಗ್ಗುತ್ತದೆ, ಕಬ್ಬಿಣ ಸುಮಾರು ಅದರ ಅರ್ಧ. 6 ಮೀಟರ್ ಅಗಲದ ಗೋಡೆ ಮಧ್ಯಾಹ್ನದಿಂದ ರಾತ್ರಿಗೆ 35 ಡಿಗ್ರಿ ತಣ್ಣಗಾಯಿತು ಅಂದರೆ ಅಲ್ಯೂಮಿನಿಯಂ ಹೆಚ್ಚು ಕಡಿಮೆ 5 ಮಿಮೀ ಕುಗ್ಗುತ್ತದೆ, ಹಿಂದಿನ ಕಬ್ಬಿಣ 2.5 ಮಿಮೀ. ಇಬ್ಬರೂ ಒಬ್ಬರನ್ನೊಬ್ಬರು ಎಳೆದಾಡುತ್ತಾರೆ. ಮಧ್ಯಾಹ್ನ ಎರಡು ಗಂಟೆಗೆ ಚೆನ್ನಾಗಿ ಕೂಡಿದ್ದ ಸಂದು ರಾತ್ರಿ ಒಂಬತ್ತಕ್ಕೆ ಬಾಯಿ ಬಿಡುವುದು ಇದಕ್ಕೇ. ಕೊಪ್ಪಳದ ಗವಿಮಠದ ಜಾತ್ರೆ ಬರುವ ಜನವರಿ ಚಳಿಯಲ್ಲಿ ಇದು ಅಷ್ಟು ಕಾಡುವುದಿಲ್ಲ, ಮೇ ತಿಂಗಳ ಮದುವೆಯಲ್ಲಿ ಬಿಡದೆ ಕಾಡುತ್ತದೆ.

ಬಾಡಿಗೆ ಗೋಡೆಗೆ ದಾರಿ ಸುಲಭ. ಆದಷ್ಟು ನೆರಳಿರುವ ಹೊತ್ತಿನಲ್ಲಿ ಕಟ್ಟಿ. ಕೊನೆಯ ಬಿಗಿತವನ್ನು ಸಂಜೆಗೆ ಬಿಡಿ. ಗೋಡೆ ಆನ್ ಮಾಡಿ ಅರ್ಧ ಗಂಟೆಯಾದರೂ ಓಡಿಸಿ, ಅದರದ್ದೇ ಬಿಸಿಗೆ ಬಂದ ಮೇಲೆ ಸಂದು ನೋಡಿ. ಬಳ್ಳಾರಿಯ ಅಂಗಡಿ ಮುಂದೆ, ಕಾಲೇಜಿನ ಮೇಲೆ ಕಾಯಂ ಆಗಿ ಕೂರಿಸುವ ಗೋಡೆಯಾದರೆ ನಡುವಿನ ಬೋಲ್ಟುಗಳನ್ನು ಮಾತ್ರ ಗಟ್ಟಿ ಮಾಡಿ, ತುದಿಗಳ ಬೋಲ್ಟಿಗೆ ಉದ್ದ ತೂತು ಕೊಟ್ಟು ಜರುಗಲು ಜಾಗ ಬಿಡಿ. ಮ್ಯಾಗ್ನೆಟ್ ಮೇಲೆ ಕೂರುವ 320 ಗುಣಿಸು 160 ಮಿಮೀ ಬಿಡಿ ಮಾಡ್ಯೂಲುಗಳಲ್ಲಿ (ದೀಪ ಜೋಡಿಸಿದ ಸಣ್ಣ ಹಲಗೆಗಳು) ಇನ್ನೂ ಜಾಗ್ರತೆ ಬೇಕು. ಅವುಗಳ ಮುಖ ಪ್ಲಾಸ್ಟಿಕ್, ಕಬ್ಬಿಣಕ್ಕಿಂತ ಬಹಳ ಜಾಸ್ತಿ ಹಿಗ್ಗುತ್ತದೆ. ಸುಮ್ನೆ ಒಂದಕ್ಕೊಂದು ಒತ್ತಿ ತುಂಬಿದರೆ ಬೇಸಿಗೆಯಲ್ಲಿ ಹಪ್ಪಳದ ಹಾಗೆ ಉಬ್ಬಿ ಎದ್ದು ಬರುತ್ತವೆ. ನಡುವೆ ಒಂದು ಹಾಳೆಯ ದಪ್ಪ, ಅಂದರೆ 0.1 ಮಿಮೀ, ಎಲ್ಲ ಕಡೆ ಒಂದೇ ಸಮ ಬಿಡಿ. ಅಳೆಯಲು ಟ್ರ್ಯಾಕ್ಟರ್ ಮೆಕ್ಯಾನಿಕ್ ಹತ್ತಿರ ಇರುವ ಫೀಲರ್ ಗೇಜ್ (ಸಂದಿಗೆ ತೂರಿಸಿ ಅಳೆಯುವ ತೆಳು ತಗಡುಗಳು) ಚೆನ್ನಾಗಿ ಬರುತ್ತದೆ. ಸಂದು ಎಷ್ಟಿದೆ ಅನ್ನುವುದಕ್ಕಿಂತ ಎಲ್ಲ ಕಡೆ ಸಮ ಇದೆಯಾ ಅನ್ನುವುದು ಕಣ್ಣಿಗೆ ಮುಖ್ಯ.

ಕೆಲವು ಸಂದು ಸಂದೇ ಅಲ್ಲ, ಬಣ್ಣದ ಭೇದ. ಬೇರೆ ಬೇರೆ ಸಲ ತಂದ ಕ್ಯಾಬಿನೆಟ್ ಬೆರೆಸಿದರೆ ಚದುರಂಗದ ಹಾಸಿನ ಹಾಗೆ ಕಾಣುತ್ತದೆ. ಕೊಳ್ಳುವಾಗಲೇ ಒಂದೇ ಬ್ಯಾಚ್ ಕೇಳಿ, ಅದೇ ಬ್ಯಾಚಿನ ಬಿಡಿ ಮಾಡ್ಯೂಲ್ ಒಂದಷ್ಟು ಎತ್ತಿಡಿ. ದೀಪಗಳು ಓಡಿದಷ್ಟೂ ಮಂಕಾಗುತ್ತವೆ, ಹಾಗಾಗಿ ಎರಡು ವರ್ಷ ಓಡಿದ ಗೋಡೆಯ ನಡುವೆ ಹೊಸ ಮಾಡ್ಯೂಲ್ ಹಾಕಿದರೆ ಅದೊಂದೇ ಎದ್ದು ಕಾಣುತ್ತದೆ. ಗೋಡೆಯ ಕೆಳ ಮೂಲೆಯ ಹಳೆಯದನ್ನು ಕಿತ್ತು ನಡುವೆ ಹಾಕಿ, ಹೊಸದನ್ನು ಮೂಲೆಗೆ ಹಾಕಿ.

ಸಾಲಿನ ಕೊನೆಯಲ್ಲಿ ಬಿಳಿ ಬಣ್ಣ ಕೆಂಪಿಗೆ ತಿರುಗುತ್ತಿದ್ದರೆ ಕರೆಂಟ್ ನೋಡಿ. ನೀಲಿ, ಹಸಿರು ದೀಪಗಳಿಗೆ ಕೆಂಪಿಗಿಂತ ಜಾಸ್ತಿ ವೋಲ್ಟೇಜ್ ಬೇಕು. ಒಳಗಿನ 5 ವೋಲ್ಟ್ ಕುಸಿದರೆ ಮೊದಲು ಅವೇ ಸೊರಗುತ್ತವೆ. ಮಲ್ಟಿಮೀಟರ್ ಹಿಡಿದು ಮಾಡ್ಯೂಲಿನ ಹತ್ತಿರವೇ ಅಳೆಯಿರಿ. ಹೊರಗಿನ ಲೆಕ್ಕ ಹೀಗೆ: ಪೂರ್ತಿ ಬಿಳಿಗೆ ಕ್ಯಾಬಿನೆಟ್ಟಿಗೆ 150 ವ್ಯಾಟ್ ಹಿಡಿದರೆ 72ಕ್ಕೆ 10.8 ಕಿಲೋವ್ಯಾಟ್. ಮೂರು ಫೇಸಿಗೂ ಸಮ ಹಂಚಿದರೆ ಒಂದು ಫೇಸಿಗೆ 24 ಕ್ಯಾಬಿನೆಟ್, ಸುಮಾರು 16 ಆಂಪಿಯರ್. ಆ 24ನ್ನು ಎಂಟೆಂಟರ ಮೂರು ಸರಪಳಿ ಮಾಡಿ. ನಿಮ್ಮ ಕ್ಯಾಬಿನೆಟ್ ಹಿಂದಿನ ಚೀಟಿಯಲ್ಲಿ ಬೇರೆ ವ್ಯಾಟ್ ಇದ್ದರೆ ಅದನ್ನೇ ಹಿಡಿಯಿರಿ. ವಿಡಿಯೋ ಓಡುವಾಗ ಸರಾಸರಿ ಇದರ ಮೂರನೇ ಒಂದು ಭಾಗ ಬರಬಹುದು, ಆದರೂ ಜನರೇಟರ್ ಪೂರ್ತಿ ಬಿಳಿಯ ಲೆಕ್ಕಕ್ಕೇ ತನ್ನಿ. ಅರ್ಥಿಂಗ್ ಇಲ್ಲದೆ ಆನ್ ಮಾಡಲೇಬೇಡಿ. ಜನ ಮುಟ್ಟುವ ಕಬ್ಬಿಣ ಅದು.

ಡೇಟಾ ಕೇಬಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೋಡೆಗೆ ಚಿತ್ರ ಕಳಿಸುವ ಪೆಟ್ಟಿಗೆಯ ಒಂದು ಗಿಗಾಬಿಟ್ ಪೋರ್ಟು ಸುಮಾರು 6.5 ಲಕ್ಷ ಪಿಕ್ಸೆಲ್ ಹೊರುತ್ತದೆ. ಪಿಚ್ 3.91ರ ಒಂದು ಕ್ಯಾಬಿನೆಟ್‌ನಲ್ಲಿ 128 ಗುಣಿಸು 128, ಅಂದರೆ 16,384 ಪಿಕ್ಸೆಲ್, ಹಾಗಾಗಿ ಪೋರ್ಟಿಗೆ 39 ಕ್ಯಾಬಿನೆಟ್ ಮಿತಿ. ನಮ್ಮ 72ಕ್ಕೆ ಎರಡು ಪೋರ್ಟು, 36ರಂತೆ. ಎರಡೂ ಪೋರ್ಟು ಒಂದೇ ಪೆಟ್ಟಿಗೆಯಿಂದ ಬರಲಿ, ಇಲ್ಲದಿದ್ದರೆ ಚಿತ್ರ ವೇಗವಾಗಿ ಓಡುವಾಗ ನಡುವೆ ಹರಿದ ಹಾಗೆ ಕಾಣಬಹುದು. ಸಾಫ್ಟ್‌ವೇರ್‌ನಲ್ಲಿ ಸಾಲು ಜೋಡಿಸುವಾಗ ಮುಂದಿನಿಂದ ನೋಡುತ್ತಿದ್ದೀರಾ, ಹಿಂದಿನಿಂದಲಾ ಅಂತ ಒಮ್ಮೆ ಜೋರಾಗಿ ಹೇಳಿಕೊಂಡು ಶುರು ಮಾಡಿ. ಎಡ ಬಲ ತಿರುಗುವ ತಪ್ಪು ಎಲ್ಲರಿಗೂ ಆಗುತ್ತದೆ.

ಕೊನೆಗೆ ಸಾಫ್ಟ್‌ವೇರ್. ಮೊದಲು ಬಿಳಿ, ಆಮೇಲೆ ಕೆಂಪು, ಹಸಿರು, ನೀಲಿ ಒಂದೊಂದಾಗಿ ಹಾಕಿ ನೋಡಿ, ಆಮೇಲೆ ಮಂದ ಬೂದು. ನೀವು ಎಡದಿಂದ ಬಲಕ್ಕೆ ನಡೆಯುತ್ತಾ ನೋಡಿ. ಜಾಗ ಬದಲಿಸಿದಾಗ ಗೆರೆ ಕಪ್ಪಿನಿಂದ ಬಿಳಿಗೆ ತಿರುಗಿದರೆ ಅದು ಹಿಂದೆ ಮುಂದೆ ನಿಂತ ಕ್ಯಾಬಿನೆಟ್, ಲಾಕ್ ಬಿಚ್ಚಿ ಸರಿ ಮಾಡಿ. ಎಲ್ಲಿಂದ ನೋಡಿದರೂ ಒಂದೇ ಥರ ಇದ್ದರೆ ಅದು ನಿಜವಾದ ಸಂದು, ಮೊದಲು ಕೈಯಿಂದ ಸರಿ ಮಾಡಿ, ಉಳಿದ ಕೂದಲೆಳೆಯಷ್ಟಕ್ಕೆ ಮಾತ್ರ ಸಾಫ್ಟ್‌ವೇರ್. ಕ್ಯಾಬಿನೆಟ್ ಒಳಗೆ ನೋವಾಸ್ಟಾರ್ ಕಂಪನಿಯ ಕಾರ್ಡಿದ್ದರೆ ಅವರ ನೋವಾ ಎಲ್‌ಸಿಟಿ ಅನ್ನುವ ಸಾಫ್ಟ್‌ವೇರ್‌ನಲ್ಲಿ ಬಿಳಿ ಗೆರೆ, ಕಪ್ಪು ಗೆರೆ ತಿದ್ದುವ ಜಾಗ ಇದೆ. ಅದು ಸಂದಿನ ಎರಡೂ ಬದಿಯ ದೀಪದ ಸಾಲಿನ ಬೆಳಕನ್ನು ಏರಿಸುತ್ತದೆ, ಇಳಿಸುತ್ತದೆ, ಅಷ್ಟೇ. ಸಂದು ದೊಡ್ಡದಿದ್ದಾಗ ಜಾಸ್ತಿ ಏರಿಸಿದರೆ ಹತ್ತಿರದವರಿಗೆ ಕಪ್ಪು ಗೆರೆಯ ಎರಡೂ ಕಡೆ ಬಿಳಿ ಅಂಚು ಕಾಣುತ್ತದೆ, ಇದ್ದದ್ದಕ್ಕಿಂತ ಕೆಟ್ಟದು. ತಿದ್ದಿದ್ದನ್ನು ಕಾರ್ಡಿಗೆ ಸೇವ್ ಮಾಡಿ, ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಎಲ್ಲ ಮಾಯ.

ರಾತ್ರಿ ಕಾರ್ಯಕ್ರಮಕ್ಕೆ ಬೆಳಕನ್ನು ಶೇ. 20ರಿಂದ 30ಕ್ಕೆ ಇಳಿಸಿ. ಹೊರಾಂಗಣದ ಗೋಡೆ ಬಿಸಿಲಿಗೆ ಮಾಡಿದ್ದು, ಕತ್ತಲಲ್ಲಿ ಪೂರ್ತಿ ಬಿಟ್ಟರೆ ಜನರ ಕಣ್ಣಿಗೂ ಹಿಂಸೆ, ಸಣ್ಣ ಗೆರೆಯೂ ದೊಡ್ಡದಾಗಿ ಕಾಣುತ್ತದೆ.

ಆಸ್ಪತ್ರೆ, ಕಚೇರಿ, ತರಬೇತಿ ಕೋಣೆಯವರು 55 ಇಂಚಿನ ಎಲ್‌ಸಿಡಿ ಪರದೆಗಳನ್ನು ಕೂಡಿಸಿ ಗೋಡೆ ಮಾಡಿಕೊಡಿ ಅಂತಲೂ ಕೇಳುತ್ತಾರೆ. ಅದರಲ್ಲಿ ಅಕ್ಷರ ತುಂಬ ಚೊಕ್ಕ, ಆದರೆ ಎರಡು ಪರದೆ ನಡುವೆ 3.5 ಮಿಮೀ ಅಥವಾ 1.8 ಮಿಮೀ ಅಂಚು ಇದ್ದೇ ಇರುತ್ತದೆ, 0.88 ಮಿಮೀದೂ ಬರುತ್ತದೆ, ಬೆಲೆ ಜಾಸ್ತಿ. ಆ ಗೆರೆ ಹೋಗುವುದಿಲ್ಲ. ಅಂಚಿನ ಹಿಂದೆ ಚಿತ್ರ ಅಡಗಿದೆ ಅನ್ನುವ ಹಾಗೆ ಸಾಫ್ಟ್‌ವೇರ್‌ನಲ್ಲಿ ಅಷ್ಟು ಭಾಗ ಬಿಟ್ಟರೆ ಓರೆ ಗೆರೆಗಳು ಮುರಿದ ಹಾಗೆ ಕಾಣುವುದಿಲ್ಲ, ಅಷ್ಟು ಮಾಡಬಹುದು. ಸಂದೇ ಕಾಣಬಾರದು ಅಂದರೆ ಎಲ್‌ಇಡಿಯೇ ಬೇಕು ಅಂತ ಅವರಿಗೆ ನೇರವಾಗಿ ಹೇಳಿ.

ಬಾಡಿಗೆಯವರಿಗೆ ಇನ್ನೊಂದು ಮಾತು. ಸಾಫ್ಟ್‌ವೇರ್‌ನಲ್ಲಿ ತಿದ್ದಿದ ಬೆಳಕು ಆ ಕ್ಯಾಬಿನೆಟ್ ಒಳಗಿನ ಕಾರ್ಡಿನಲ್ಲಿ ಕೂತಿರುತ್ತದೆ. ನಾಳೆ ಅದನ್ನು ಬೇರೆ ಕ್ಯಾಬಿನೆಟ್ ಪಕ್ಕ ಇಟ್ಟರೆ, ಇಲ್ಲದ ಸಂದಿಗೆ ತಿದ್ದುಪಡಿ ಆಗಿ ಹೊಸ ಗೆರೆ ಹುಟ್ಟುತ್ತದೆ. ಅದಕ್ಕೆ ಪ್ರತಿ ಕ್ಯಾಬಿನೆಟ್ ಹಿಂದೆ ಅಡ್ಡ ಸಾಲು, ಉದ್ದ ಸಾಲಿನ ನಂಬರ್ ಬರೆಯಿರಿ, ಪ್ರತಿ ಸಲ ಅದೇ ಕ್ರಮದಲ್ಲಿ ಕಟ್ಟಿ. ಕ್ರಮ ತಪ್ಪಿತು ಅನ್ನಿಸಿದರೆ ಹಳೆಯ ತಿದ್ದುಪಡಿ ಪೂರ್ತಿ ಅಳಿಸಿ ಹೊಸದಾಗಿ ಮಾಡಿ. ಬಿಚ್ಚುವಾಗ ಮೇಲಿನ ಸಾಲಿನಿಂದ ಬಿಚ್ಚಿ, ಎಷ್ಟೇ ಅವಸರ ಇದ್ದರೂ ಕ್ಯಾಬಿನೆಟ್ಟನ್ನು ಅಂಚಿನ ಮೇಲೆ ನೆಲಕ್ಕೆ ಕುಕ್ಕಬೇಡಿ, ಮೂಲೆಯ ದೀಪ ಹಾರುವುದು ಅಲ್ಲೇ. ಮೂಲೆಗೆ ರಬ್ಬರ್ ಕವಚ ಹಾಕಿ, ಅಂಚು ಒರೆಸಿ, ನಂಬರ್ ಪ್ರಕಾರ ಪೆಟ್ಟಿಗೆಗೆ ಇಡಿ. ಬೆಳಗಿನ ಜಾವ ಮೂರು ಗಂಟೆಗೆ ಇದನ್ನು ಮಾಡಿದ ತಂಡ, ಮರುದಿನ ಸಿರುಗುಪ್ಪದಲ್ಲಿ ಎರಡು ಗಂಟೆ ಮುಂಚೆ ಕೆಲಸ ಮುಗಿಸುತ್ತದೆ.